ಮಂಚದ ಆಚೆ ಬದಿಯವಳು

ಕಡೂರಿನ ರೈಲ್ವೆ ಗೇಟಿನಾಚೆ ಇದ್ದ ಧರ್ಮಾಸ್ಪತ್ರೆಯ ಹಿತ್ತಲಿನಲ್ಲಿ ಉದ್ದನೆಯ ಒಂದು ಹೆಂಚಿನ ಕಟ್ಟಡವಿತ್ತು. ಅಜ್ಜಂದಿರ ಕಾಲದಲ್ಲಿ ಪ್ಲೇಗು ಬಂದಾಗ ಕಟ್ಟಿದ್ದು. ಗೋಡೆಗಳು ಮೊಳ ದಪ್ಪ, ಕಿಟಕಿಗಳು ಚಿಕ್ಕವು. ಹೊರಗೆ ಬಯಲಿನ ಬಿಸಿಲು ಕಣ್ಣು ಕುಕ್ಕುತ್ತಿದ್ದರೂ ಒಳಗೆ ಕಾಲಿಟ್ಟರೆ ಬಾವಿಗಿಳಿದಂಥ ತಂಪು. ಆಸ್ಪತ್ರೆಯವರು ಮುರುಕು ಮಂಚಗಳನ್ನೂ ಹರಿದ ಹಾಸಿಗೆಗಳನ್ನೂ ಅಲ್ಲಿ ತುಂಬಿದ್ದರು. ಮಧ್ಯಾಹ್ನದ ಹೊತ್ತು ಯಾರೂ ಆ ಕಡೆ ಸುಳಿಯುತ್ತಿರಲಿಲ್ಲ. ಯಾಕೆಂದು ಕೇಳಿದರೆ, "ಹಾವು ಗೀವು ಇರ್ತವೆ ಕಣಮ್ಮ" ಎಂದು ಮುಖ ಬೇರೆ ಕಡೆ ತಿರುಗಿಸುತ್ತಿದ್ದರು.

ಆ ಕಟ್ಟಡವನ್ನು ತಾನಾಗಿ ಕೇಳಿ ಪಡೆದವಳು ನರ್ಸ್ ಹನುಮಂತಮ್ಮ.

ಅವಳು ದೇವನೂರಿನ ಕೇರಿಯ ಅಂಜಿನಪ್ಪನ ಮಗಳು. ಹಾಸ್ಟೆಲಿನಲ್ಲಿದ್ದು ಓದಿ, ಬೆಂಗಳೂರಿನಲ್ಲಿ ನರ್ಸ್ ತರಬೇತಿ ಮುಗಿಸಿ, ಅಲ್ಲಿಯ ಕ್ಯಾನ್ಸರ್ ಆಸ್ಪತ್ರೆಯೊಂದರ ಮಕ್ಕಳ ವಾರ್ಡಿನಲ್ಲಿ ಕೆಲಸಕ್ಕೆ ಸೇರಿದ್ದಳು. ಆ ವಾರ್ಡೆಂದರೆ ಜೊತೆಯ ಹುಡುಗಿಯರು ಹಿಂದೇಟು ಹಾಕುತ್ತಿದ್ದರು. ಇವಳ ಕೈ ಪಳಗಿದ್ದು ಅಲ್ಲಿಯೇ. ಮಗುವಿನ ಬಾಯಿಹುಣ್ಣಿಗೆ ನೀಲಿ ಔಷಧಿ ಹಚ್ಚುವ ಮುಂಚೆ ತನ್ನ ನಾಲಗೆಗೂ ಒಂದಿಷ್ಟು ಸವರಿಕೊಂಡು ಚಾಚಿ ತೋರಿಸುತ್ತಿದ್ದಳು. ಅಳುತ್ತಿದ್ದ ಮಗು ನಗುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು. ಅಪ್ಪನಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದಾಗ, ಎಪ್ಪತ್ತರ ದಶಕದ ಕೊನೆಯಲ್ಲಿ, ಊರಿಗೆ ಹತ್ತಿರವಾಗಲೆಂದು ಕಡೂರಿಗೆ ಬಂದಳು.

ಬಂದ ಮೇಲೆ ಒಂದು ಸಂಗತಿ ಅವಳ ಕಣ್ಣಿಗೆ ಬಿತ್ತು. ತರೀಕೆರೆ, ಅಜ್ಜಂಪುರ, ಶಿವನಿಯ ಕಡೆಯ ಮಕ್ಕಳನ್ನು ಬೆಂಗಳೂರಿಗೆ ಒಮ್ಮೆ ಕರೆದೊಯ್ದ ತಂದೆತಾಯಿ ಮತ್ತೆ ಮತ್ತೆ ಹೋಗಲಾರದೆ ನಡುವೆಯೇ ಬಿಟ್ಟುಬಿಡುತ್ತಿದ್ದರು. ವಾರ ವಾರದ ಇಂಜೆಕ್ಷನ್ ನಿಂತರೆ ಕಾಯಿಲೆ ಮತ್ತೆ ತಲೆ ಎತ್ತುತ್ತಿತ್ತು. ಅವಳು ಡಾಕ್ಟರ್ ಚಂದ್ರಶೇಖರ ಅವರ ಬಳಿ ಹೋಗಿ ಕೇಳಿದಳು. ಅವರು ಹೆಚ್ಚು ಮಾತಿನವರಲ್ಲ, ಆದರೆ ಮನಸ್ಸುಳ್ಳವರು. ಬೆಂಗಳೂರಿನ ಡಾಕ್ಟರುಗಳೊಂದಿಗೆ ಮಾತಾಡಿ, ಅವರು ಹೇಳಿದ ಔಷಧಿಯನ್ನು ಇಲ್ಲೇ ಕೊಡುವ ಏರ್ಪಾಟು ಮಾಡಿದರು. "ಆದ್ರೆ ಈ ಮಕ್ಕಳನ್ನ ಬೇರೆ ರೋಗಿಗಳ ಮಧ್ಯೆ ಹಾಕೋಕಾಗಲ್ಲಮ್ಮ. ಜಾಗ ಎಲ್ಲಿದೆ?" ಎಂದರು.

"ಹಿಂದಿನ ಕಟ್ಟಡ ಕೊಡಿ ಸಾರ್."

ಡಾಕ್ಟರು ಸರಿ ಎಂದರು.

ಕಸ ತೆಗೆದು, ಸುಣ್ಣ ಬಳಿದು, ಫಿನಾಯಿಲ್ ಹಾಕಿ ತೊಳೆದದ್ದಾಯಿತು. ಆಸ್ಪತ್ರೆಯ ಹಳೇ ಜವಾನ ಲಕ್ಕಣ್ಣ ಹಾಸಿಗೆಗಳನ್ನು ಬಾಗಿಲ ತನಕ ತಂದು ಕೊಟ್ಟ, ಹೊಸ್ತಿಲು ಮಾತ್ರ ದಾಟಲಿಲ್ಲ. ಮಕ್ಕಳು ಬಂದರು. ತಲೆಗೂದಲು ಉದುರಿ, ಔಷಧಿಗೆ ಕೆನ್ನೆ ಊದಿ, ಎಲ್ಲವೂ ಒಂದೇ ತಾಯಿಯ ಮಕ್ಕಳಂತೆ ಕಾಣುತ್ತಿದ್ದವು. ಅವಕ್ಕೆ ಹೊರಗಿನ ಸೋಂಕು ತಗುಲಬಾರದೆಂದು ಹನುಮಂತಮ್ಮ ಮೂಗು ಬಾಯಿಗೆ ಬಿಳಿ ಬಟ್ಟೆ ಕಟ್ಟಿಕೊಂಡು ಓಡಾಡುತ್ತಿದ್ದಳು.

ಮೊದಲನೆಯ ಬೇಸಿಗೆಯಲ್ಲೇ ಅದು ಶುರುವಾಯಿತು.

ತರೀಕೆರೆಯಿಂದ ಬಂದಿದ್ದ ಹೊನ್ನಯ್ಯನೆಂಬ ಹುಡುಗನಿಗೆ ಜ್ವರ ಏರಿತ್ತು. ಹಣೆಗೆ ಒದ್ದೆ ಬಟ್ಟೆಯನ್ನು ಚೌಕವಾಗಿ ಮಡಿಸಿ ಹಾಕಿ, ಸಿರಿಂಜು ಕುದಿಸಲು ಪಕ್ಕದ ಕೋಣೆಗೆ ಹೋದಳು. ತಿರುಗಿ ಬಂದಾಗ ಬಟ್ಟೆ ಹಣೆಯ ಮೇಲೇ ಇತ್ತು. ಆದರೆ ಚೌಕವಾಗಿರಲಿಲ್ಲ. ಉದ್ದಕ್ಕೆ ಪಟ್ಟಿಯಾಗಿ ಮಡಿಸಿ, ಎರಡು ತುದಿಯನ್ನೂ ಕಿವಿಯ ಹಿಂದಕ್ಕೆ ಸಿಕ್ಕಿಸಿದಂತಿತ್ತು. ಆಗಷ್ಟೇ ಹಿಂಡಿದಂತೆ ತಣ್ಣಗಿತ್ತು. ತಾಯಿ ಮಾಡಿರಬೇಕೆಂದುಕೊಂಡಳು. ತಾಯಿ ಹೊರಗೆ ಹೊಂಗೆಮರದ ಕೆಳಗೆ ಮುದ್ದೆ ಉಣ್ಣುತ್ತಿದ್ದಳು, ಕೈಯೆಲ್ಲ ಸಾರು. ಆ ಸಂಜೆ ಹುಡುಗ ತೀರಿಕೊಂಡ.

ಆಮೇಲೆ ಸಿಂಗಟಗೆರೆಯ ಒಂದು ಹೆಣ್ಣುಮಗು. ಅದಕ್ಕೂ ಮಧ್ಯಾಹ್ನ ಹಣೆಯ ಬಟ್ಟೆ ಹಾಗೆಯೇ ಮಡಿಸಿಕೊಂಡು ಕಿವಿಯ ಹಿಂದೆ ಸೇರಿತ್ತು. ದಿಂಬು ಮಗುಚಿ ಹಾಕಿತ್ತು, ತಂಪಾದ ಬದಿ ಮೇಲಾಗಿ. ಕೋಣೆಯಲ್ಲಿ ಬೇವಿನ ಸೊಪ್ಪು ಸುಟ್ಟ ಹೊಗೆಯ ವಾಸನೆ, ಒಲೆ ಎಲ್ಲೂ ಇರಲಿಲ್ಲ. ಎಚ್ಚರ ತಪ್ಪುವ ಮುಂಚೆ ಆ ಮಗು, "ನಿನ್ ಕೈಗಿಂತ ಆ ಅಕ್ಕನ ಕೈ ತಣ್ಣಗೈತೆ" ಎಂದಿತು.

"ಯಾವಕ್ಕ ಮರಿ?"

"ನಿನ್ನಂಗೇ ಬಾಯಿಗೆ ಬಟ್ಟೆ ಕಟ್ಕಂಡವ್ಳಲ್ಲ, ಆ ಅಕ್ಕ."

ಅದೂ ಉಳಿಯಲಿಲ್ಲ.

ಹನುಮಂತಮ್ಮ ಸಾವಿಗೆ ಹೊಸಬಳಲ್ಲ. ಬೆಂಗಳೂರಿನ ವಾರ್ಡಿನಲ್ಲಿ ಬೇಕಾದಷ್ಟು ಕಂಡಿದ್ದಳು. ಆದರೆ ಈಗ ಮಧ್ಯಾಹ್ನವಾದರೆ ಬೆನ್ನಿನಲ್ಲಿ ಚಳಿ ಹುಟ್ಟುತ್ತಿತ್ತು. ಹೊರಗೆ ಗಾಳಿ ನಿಂತು, ಕಾಗೆಗಳು ಸುಮ್ಮನಾಗಿ, ಹೆಂಚಿನ ಕಿಂಡಿಯಿಂದ ಇಳಿದ ಬಿಸಿಲಕೋಲು ನೆಲದ ಮೇಲೆ ಅಲುಗದೆ ಬಿದ್ದಿರುವಾಗ, ಯಾರೋ ಬಟ್ಟೆ ಹಿಂಡಿದ ಸದ್ದು, ಬೋಗುಣಿಗೆ ನೀರು ತೊಟ್ಟಿಕ್ಕಿದ ಸದ್ದು. ತಿರುಗಿ ನೋಡಿದರೆ ಯಾರೂ ಇಲ್ಲ. ಬೋಗುಣಿಯ ನೀರು ಮಾತ್ರ ಸಣ್ಣಗೆ ಅಲ್ಲಾಡುತ್ತಿರುತ್ತಿತ್ತು.

ಕೊನೆಗೊಂದು ದಿನ ಲಕ್ಕಣ್ಣನನ್ನು ಹಿಡಿದು ಕೂರಿಸಿ ಕೇಳಿದಳು. ಅವನು ಬೀಡಿಯನ್ನು ಹಚ್ಚದೆ ಬೆರಳಲ್ಲಿ ಹೊರಳಿಸುತ್ತ ಹೇಳಿದ.

"ನಮ್ಮಪ್ಪ ಯೋಳ್ತಿದ್ದ ನರ್ಸಮ್ಮ. ಪ್ಲೇಗ್‌ನಾಗೆ ಊರ್ಗೂರೇ ಖಾಲಿ ಮಾಡಿ ಬಯಲ್ನಾಗೆ ಗುಡ್ಲು ಹಾಕ್ಕಂಡಿದ್ರಂತೆ. ಕಂಕುಳಾಗೆ ಗೆಡ್ಡೆ ಎದ್ದೋರ್ನ ಇಲ್ಲಿ ತಂದು ಹಾಕೋರು. ಹೆತ್ತೋರೂ ಮುಟ್ತಿರ್ಲಿಲ್ಲ. ಕೇರಿ ಕಡೆ ಹೆಣ್ಮಗಳೊಬ್ಳು ಇದ್ಲಂತೆ, ಅವ್ಳೇ ಮಕ್ಕಳ ಮೈ ಒರೆಸಿ ನೀರು ಕುಡಿಸಿ ನೋಡ್ಕಳೋಳು. ಮೂಗಿಗೆ ಬಟ್ಟೆ ಕಟ್ಕಂಡು, ಬೇವಿನ ಹೊಗೆ ಹಾಕ್ಕಂಡು. ಕೊನೇಗೆ ಅವ್ಳಿಗೂ ಬಂತು. ಇಲ್ಲೇ ಹೋದ್ಲು."

"ಹೆಸರೇನು ಅವ್ಳದ್ದು?"

"ಹೆಸರು ಯಾರು ಕೇಳಿದ್ರವ್ವ? ಕೇರಿಯೋಳು ಅಂತಿದ್ರು, ಅಷ್ಟೆ."

ಹನುಮಂತಮ್ಮ ಆ ಮಾತು ಕೇಳಿ ಎದ್ದು ಹೋದಳು. ಮನೆಗೆ ಹೋದಾಗಲೂ, ಅಪ್ಪನ ಬಾಯಿಗೆ ಗಂಜಿ ಹಾಕುವಾಗಲೂ ಅದೇ ಕಿವಿಯಲ್ಲಿತ್ತು. ವಾರ್ಡಿಗೆ ಬರುವ ಎಷ್ಟೋ ತಾಯಂದಿರು ಇವಳ ಕೈಯ ಔಷಧಿ ಕುಡಿಸಿ, ಇವಳ ಕೈಯ ನೀರನ್ನು ಮಾತ್ರ ಮರೆಯಲ್ಲಿ ಚೆಲ್ಲಿ ತಮ್ಮ ತಂಬಿಗೆಯ ನೀರು ಕೊಡುತ್ತಿದ್ದುದನ್ನು ಅವಳು ಕಂಡೂ ಕಾಣದವಳಂತೆ ಇರುತ್ತಿದ್ದಳು.

ಮುಂದಿನ ಬೇಸಿಗೆಗೆ ಶಿವನಿಯಿಂದ ಕರಿಬಸಮ್ಮ ಬಂದಳು. ಇನ್ನೂ ಶಾಲೆಗೆ ಸೇರದ ಪೋರಿ, ರಕ್ತದ ಕ್ಯಾನ್ಸರ್. ಅಪ್ಪ ಷಣ್ಮುಖಪ್ಪ ಈರುಳ್ಳಿ ಬೆಳೆಯುವ ಒಕ್ಕಲಿನವನು. ತಾಯಿ ಬಾಣಂತಿಯಾಗಿದ್ದರಿಂದ ಮಗುವಿನ ಜೊತೆ ಇದ್ದವಳು ಅಜ್ಜಿ ತೀರ್ಥಮ್ಮ. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಮಾತು ಬಿರುಸು. ಮಡಕೆಯಲ್ಲಿ ತನ್ನದೇ ನೀರು ತುಂಬಿಟ್ಟುಕೊಂಡು ಅದರ ಪಕ್ಕ ಯಾರನ್ನೂ ಸುಳಿಯಗೊಡುತ್ತಿರಲಿಲ್ಲ. ಮಗು ಮಾತ್ರ ಬಂದ ದಿನವೇ ಹನುಮಂತಮ್ಮನಿಗೆ ಅಂಟಿಕೊಂಡಿತು. ಸೂಜಿ ಚುಚ್ಚುವಾಗ ಅವಳ ಜಡೆಯ ತುದಿಯನ್ನು ಹಿಡಿದುಕೊಂಡು, "ನಂಗೂ ಇಷ್ಟುದ್ದ ಬತ್ತೈತಾ ಅಕ್ಕ?" ಎನ್ನುತ್ತಿತ್ತು.

"ಬರದೆ ಏನು? ಇದಕ್ಕಿಂತ ಉದ್ದ ಬತ್ತೈತೆ."

ಔಷಧಿ ನಾಟುವ ಮುಂಚೆ ರಕ್ತದ ಬಲವೆಲ್ಲ ಇಳಿದುಹೋಗುವ ಕಾಲವೊಂದಿದೆ. ಆಗ ಸಣ್ಣ ಸೋಂಕು ತಗುಲಿದರೂ ಮಗು ಕೆಂಡವಾಗುತ್ತದೆ. ಕರಿಬಸಮ್ಮನಿಗೂ ಹಾಗಾಯಿತು. ಡಾಕ್ಟರು ಔಷಧಿ ಬದಲಿಸಿದರು. "ಈ ಜ್ವರ ಇಳಿದ್ರೆ ಉಳೀತಾಳೆ. ಮೈ ಒರೆಸ್ತಾನೇ ಇರಿ" ಎಂದು ಹೇಳಿ ಹೋದರು. ಅದೇ ಮಧ್ಯಾಹ್ನ ಹನುಮಂತಮ್ಮ ಐಸು ತರಲು ಹೋಗಿ ಬರುವಷ್ಟರಲ್ಲಿ ತೀರ್ಥಮ್ಮ ಬಾಗಿಲಲ್ಲಿ ನಿಂತಿದ್ದಳು.

"ನಾನು ತೂಕಡಿಸ್ತಿದ್ದೆ ಕಣೇ. ಕಣ್ಬಿಟ್ಟು ನೋಡಿದ್ರೆ ಮಗೀನ ದಿಂಬು ತಾನೇ ಮಗುಚಿಕೊಂತು. ಈ ಕಣ್ಣಾಗೇ ನೋಡಿದೆ!"

ಹಣೆಯ ಬಟ್ಟೆ ಪಟ್ಟಿಯಾಗಿ ಕಿವಿಯ ಹಿಂದೆ ಸೇರಿತ್ತು. ಬೇವಿನ ಹೊಗೆ.

ಸುದ್ದಿ ಹಬ್ಬಲು ಎಷ್ಟು ಹೊತ್ತು? ಹೊಂಗೆಮರದ ಕೆಳಗಿದ್ದ ತಾಯಂದಿರೆಲ್ಲ ಸೇರಿ, ಆ ಕಾಣದವಳು ಮುಟ್ಟಿದ ಮಗು ಉಳಿಯುವುದಿಲ್ಲ, ಅವಳು ಮಕ್ಕಳನ್ನು ಕರೆದೊಯ್ಯಲಿಕ್ಕೇ ಬರುವುದು ಎಂದುಬಿಟ್ಟರು. ಹೊನ್ನಯ್ಯನ ಕತೆ, ಸಿಂಗಟಗೆರೆಯ ಮಗುವಿನ ಕತೆ ಮತ್ತೆ ಎದ್ದವು. ಸುದ್ದಿ ಶಿವನಿಗೂ ಮುಟ್ಟಿ, ಮಾರನೆಯ ದಿನ ಬೆಳಗಿನ ಪ್ಯಾಸೆಂಜರ್ ರೈಲಿಗೆ ಷಣ್ಮುಖಪ್ಪ ಬಂದಿಳಿದ. ನಿಲ್ದಾಣದಿಂದ ಜಟಕಾ ಮಾಡಿಕೊಂಡೇ ಬಂದಿದ್ದ.

"ಮಗೀನ ಕರ್ಕೊಂಡ್ಹೋಗ್ತೀನಿ ನರ್ಸಮ್ಮ. ಸಾಯೋದಾದ್ರೆ ನಮ್ಮನೇಲಿ ಸಾಯ್ಲಿ. ಈ ದೆವ್ವದ ಕೈಗೆ ಕೊಡಲ್ಲ."

"ಈಗ ಬಿಸಿಲಲ್ಲಿ ಎತ್ಕೊಂಡ್ಹೋದ್ರೆ ಬೀರೂರು ದಾಟಲ್ಲ ಅಣ್ಣ. ಸಂಜೆ ತನಕ ಬಿಡಿ."

"ಅವ್ಳು ಸುಮ್ನೆ ಬಿಡ್ತಾಳಾ? ಹಿಂದ್ಲೆರಡು ಮಕ್ಕಳ್ನ ಬಿಟ್ಲಾ?"

ಹನುಮಂತಮ್ಮನಿಗೆ ಉತ್ತರ ಸಿಕ್ಕಿದ್ದು ಆಗಲೇ, ಬಾಯಿ ತೆರೆದ ಮೇಲೆ. "ಅಣ್ಣಾ, ಸಾಯೋ ಮಗೀನ ಹತ್ರ ನಾನೂ ಜಾಸ್ತಿ ಹೊತ್ತು ಕೂತಿರ್ತೀನಿ. ಮೈ ಒರೆಸ್ತೀನಿ, ದಿಂಬು ತಿರುಗಿಸ್ತೀನಿ. ಹಂಗಂತ ನಾನು ಸಾಯಿಸ್ದಂಗಾಯ್ತಾ? ಜ್ವರ ಎಲ್ಲಿ ಜಾಸ್ತಿನೋ ಅವ್ಳೂ ಅಲ್ಲಿಗೇ ಬತ್ತಾಳೆ. ಅದು ಅವ್ಳ ಕೆಲ್ಸ."

ಷಣ್ಮುಖಪ್ಪನ ಕಣ್ಣಲ್ಲಿ ನೀರು ತುಂಬಿಕೊಂಡಿತು. ತಾಯಿಯ ಕಡೆ ನೋಡಿದ. ತೀರ್ಥಮ್ಮ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದಳು.

"ಸಂಜೆ ಗಾಡಿಗೆ ಹೊಂಟ್ರಾಯ್ತು" ಎಂದಳು ಕೊನೆಗೆ. "ಅಲ್ಲೀತಂಕ ನಾನೂ ಒಳಗೇ ಕೂರ್ತೀನಿ. ಅದ್ಯಾರು ಬತ್ತಾರೋ ನೋಡೇ ಬಿಡಾನ."

ಬೇರೆ ತಾಯಂದಿರು ತಮ್ಮ ಮಕ್ಕಳನ್ನು ಎತ್ತಿಕೊಂಡು ಮುಂದಿನ ಜಗಲಿಗೆ ಹೋಗಿಬಿಟ್ಟಿದ್ದರು. ಉದ್ದನೆಯ ವಾರ್ಡಿನಲ್ಲಿ ಒಂದೇ ಮಂಚದ ಮೇಲೆ ಮಗು. ಕಾಲ ಬಳಿ ತೀರ್ಥಮ್ಮ. ಬಲಬದಿಯಲ್ಲಿ ಹನುಮಂತಮ್ಮ ಬೋಗುಣಿ ಇಟ್ಟುಕೊಂಡು ಕೂತಳು. ಹೊತ್ತು ನೆತ್ತಿಗೇರಿತು. ಎಂದಿನಂತೆ ಗಾಳಿ ನಿಂತಿತು. ಮಗುವಿನ ಉಸಿರು ಏದುಸಿರಾಗಿ, ತುಟಿ ಒಡೆದು, ಮೈ ಮುಟ್ಟಿದರೆ ಬೆರಳು ಸುಡುವಂತಿತ್ತು. ಹನುಮಂತಮ್ಮ ಬಲತೋಳನ್ನು ಒರೆಸುತ್ತಿದ್ದಳು. ಅಂಗೈಯಿಂದ ಮೇಲಕ್ಕೆ, ಕಂಕುಳಿನ ತನಕ, ಮತ್ತೆ ಬಟ್ಟೆ ಅದ್ದಿ ಹಿಂಡಿ.

ಬೇವಿನ ಹೊಗೆಯ ವಾಸನೆ ಬಂತು.

ಮಂಚದ ಆಚೆ ಬದಿಯಲ್ಲಿ ಮಗುವಿನ ಎಡಗೈ ಮೆಲ್ಲಗೆ ಮೇಲೆದ್ದಿತು. ಎಚ್ಚರವಿಲ್ಲದ ಮಗು, ಬೆರಳುಗಳು ಸೋತು ಜೋತುಬಿದ್ದಿದ್ದವು. ಯಾರೋ ಮಣಿಕಟ್ಟನ್ನು ಹಿಡಿದು ಎತ್ತಿದಾಗ ಏಳುವಂತೆಯೇ ಆ ಕೈ ಎದ್ದು ಗಾಳಿಯಲ್ಲಿ ನಿಂತಿತು. ತೋಳಿನ ಉದ್ದಕ್ಕೂ ಚರ್ಮ ಒದ್ದೆಯಾಗುತ್ತ ಹೋಯಿತು. ಮೊಳಕೈಯಿಂದ ಒಂದು ಹನಿ ಇಳಿದು ಹಾಸಿಗೆಯ ಮೇಲೆ ಬಿತ್ತು.

ತೀರ್ಥಮ್ಮ ಕರಡಿಗೆಯನ್ನು ಎದೆಗೊತ್ತಿಕೊಂಡಳು.

ಹನುಮಂತಮ್ಮನ ಕೈ ನಿಂತುಹೋಗಿತ್ತು. ಎದ್ದು ಓಡಬೇಕೆನಿಸಿದ್ದನ್ನು ಅವಳು ಆಮೇಲೂ ಮುಚ್ಚಿಡಲಿಲ್ಲ. ಅಷ್ಟರಲ್ಲಿ ಅವಳ ಕಣ್ಣಿಗೆ ಬಿದ್ದದ್ದು ಬೇರೆ: ಆ ಕಾಣದ ಕೈ ತುಸು ಜೋರಾಗಿ ಉಜ್ಜುತ್ತಿತ್ತು. ಮಗುವಿನ ತೋಳಿನ ಮೇಲೆ ಕೆಂಪು ಚುಕ್ಕೆಗಳು ಏಳತೊಡಗಿದ್ದವು. ಈ ಕಾಯಿಲೆಯಲ್ಲಿ ಹಾಗೆ ಉಜ್ಜಿದರೆ ಚರ್ಮದಡಿ ರಕ್ತ ಒಸರುತ್ತದೆ.

"ಅಕ್ಕಾ" ಎಂದಳು. "ಉಜ್ಜಬ್ಯಾಡ. ಇದು ನಿಮ್ ಕಾಲದ ಜ್ವರ ಅಲ್ಲ. ಚರ್ಮ ತಡ್ಯಲ್ಲ. ಮೆಲ್ಲಗೆ ಒತ್ತು ಸಾಕು."

ಕೈ ಹಾಗೇ ನಿಂತಿತು. ಕೋಣೆಯಲ್ಲಿ ಯಾರೋ ಕಿವಿಗೊಟ್ಟು ಕೇಳಿಸಿಕೊಳ್ಳುತ್ತಿದ್ದಂತಿತ್ತು. ಆಮೇಲೆ ಒದ್ದೆಯ ಗುರುತು ಮತ್ತೆ ಮೂಡಿತು, ಈಗ ಒಂದೊಂದೇ ಕಡೆ, ಒತ್ತಿ ಒತ್ತಿ.

"ಹಂಗೇ. ಹಂಗೇ ಮಾಡು. ಈ ಕಡೆ ನಾನು ನೋಡ್ಕೊತೀನಿ."

ಹೀಗೆ ಇಬ್ಬರೂ ಒರೆಸಿದರು. ಇತ್ತ ಬಲಗಾಲು, ಅತ್ತ ಎಡಗಾಲು. ಬೋಗುಣಿಯ ನೀರು ಬೆಚ್ಚಗಾಗುತ್ತಿತ್ತು. ಹೊಸ ನೀರು ತರಲು ಹನುಮಂತಮ್ಮ ಏಳುವಂತಿರಲಿಲ್ಲ. ಆಗ ತೀರ್ಥಮ್ಮ ಎದ್ದಳು. ಮೂಲೆಗೆ ಹೋಗಿ, ಯಾರನ್ನೂ ಮುಟ್ಟಗೊಡದ ತನ್ನ ಮಡಕೆಯನ್ನೇ ಎತ್ತಿ ತಂದು ಬೋಗುಣಿಗೆ ಬಗ್ಗಿಸಿದಳು. ಮಂಚದ ಆಚೆ ಬದಿಯ ಖಾಲಿ ಜಾಗವನ್ನು ನೋಡುತ್ತ, "ತಗಳವ್ವ, ತಣ್ಣಗಿರೋ ನೀರು" ಎಂದಳು.

ನೀರು ಬಿದ್ದ ಬೋಗುಣಿಯಲ್ಲಿ ಹನುಮಂತಮ್ಮ ಬಟ್ಟೆ ಅದ್ದಿದಾಗ ಇನ್ನೊಂದು ಕೈ ಅವಳ ಕೈಗೆ ತಾಗಿತು. ಮಣ್ಣಿನಷ್ಟು ತಣ್ಣಗಿತ್ತು. ಬೆರಳುಗಳ ಬುಡದಲ್ಲಿ ಜಡ್ಡುಗಟ್ಟಿತ್ತು, ಕುಡುಗೋಲು ಹಿಡಿದು ದುಡಿದವರ ಕೈಯಂತೆ. ಅವಳ ಅವ್ವನ ಕೈಯೂ ಹಾಗೇ ಇತ್ತು. ಹನುಮಂತಮ್ಮ ತನ್ನ ಕೈಯನ್ನು ಎಳೆದುಕೊಳ್ಳಲಿಲ್ಲ.

ಬಿಸಿಲಕೋಲು ಗೋಡೆ ಹತ್ತುವ ಹೊತ್ತಿಗೆ ಮಗು ಬೆವರಿತು. ಹೊಗೆಯ ವಾಸನೆ ಕರಗಿತ್ತು. ಕರಿಬಸಮ್ಮ ಕಣ್ಣು ಬಿಟ್ಟು ನೀರು ಕೇಳಿದಳು. ಹನುಮಂತಮ್ಮ ಲೋಟ ತುಂಬಿ ಕೊಟ್ಟಳು. ತೀರ್ಥಮ್ಮ ನೋಡುತ್ತ ಕೂತಿದ್ದಳು, ತಡೆಯಲಿಲ್ಲ. ಸಂಜೆಯ ಗಾಡಿ ಕೂಗಿಕೊಂಡು ಹೋದದ್ದು ಎಲ್ಲರಿಗೂ ಕೇಳಿಸಿತು. ಷಣ್ಮುಖಪ್ಪ ಜಗಲಿಯ ಕಂಬಕ್ಕೊರಗಿ ನಿದ್ದೆಹೋಗಿದ್ದ, ಯಾರೂ ಎಬ್ಬಿಸಲಿಲ್ಲ.

ಆ ಮೇಲೆ ಎಲ್ಲವೂ ಸುಖವಾಯಿತೆಂದಲ್ಲ. ಕರಿಬಸಮ್ಮ ಉಳಿದಳು, ವರ್ಷಗಟ್ಟಲೆ ಔಷಧಿ ನುಂಗಿ, ಬೆಂಗಳೂರಿನವರು ಇನ್ನು ಬೇಡ ಎನ್ನುವ ತನಕ ಬಂದು ಹೋಗಿ ಮಾಡಿದಳು. ಬೇರೆ ಮಕ್ಕಳಲ್ಲಿ ಎಷ್ಟೋ ಮಕ್ಕಳು ಹೋದವು. ಕೆಲವು ಆ ಕಾಣದವಳು ಬಂದ ದಿನ ಹೋದವು, ಕೆಲವು ಬಾರದ ದಿನ. ಹನುಮಂತಮ್ಮ ಅದನ್ನು ಲೆಕ್ಕವಿಡಲಿಲ್ಲ. ಮಧ್ಯಾಹ್ನ ಬೇವಿನ ಹೊಗೆ ಮೂಗಿಗೆ ಬಡಿದರೆ, "ಬಂದ್ಯಾ ಅಕ್ಕ? ಮೊದ್ಲು ಡೆಟಾಲ್‌ನಾಗೆ ಕೈ ಅದ್ದು. ಕಿಟಕಿ ಪಕ್ಕದ ಮಗೀಗೆ ಬಾಯೆಲ್ಲ ಹುಣ್ಣು, ತುಟಿ ಮುಟ್ಟಬ್ಯಾಡ" ಎಂದು ಹೊಸ ನರ್ಸಿಗೆ ಹೇಳುವಂತೆ ಹೇಳುತ್ತಿದ್ದಳು. ಡೆಟಾಲ್ ಬೋಗುಣಿಯಲ್ಲಿ ಸಣ್ಣ ಅಲೆ ಏಳುತ್ತಿತ್ತು. ನರ್ಸಮ್ಮನಿಗೆ ತಲೆ ಸರಿಯಿಲ್ಲವೆಂದು ಹೊಸ ಜವಾನರು ಆಡಿಕೊಂಡರು. ಲಕ್ಕಣ್ಣ ಮಾತ್ರ ಕೆಲಸದಿಂದ ನಿವೃತ್ತನಾಗುವ ದಿನ ಮೊದಲ ಸಲ ಹೊಸ್ತಿಲು ದಾಟಿ ಒಳಗೆ ಬಂದು, ಖಾಲಿ ಗೋಡೆಗೆ ಕೈಮುಗಿದು ಹೋದ.

ಒಮ್ಮೆ ಹನುಮಂತಮ್ಮ ಕಡೂರಿನ ಕೇರಿಗೆ ಹೋಗಿ ಆ ಅಕ್ಕನ ಹೆಸರು ವಿಚಾರಿಸಿದ್ದೂ ಉಂಟು. ಹಣ್ಣುಹಣ್ಣಾದ ಮುದುಕಿಯೊಬ್ಬಳು ನೆನಪು ಕೆದಕಿ, "ಮಾರಮ್ಮ ಇರ್ಬೌದು" ಎಂದಳು. ಆಮೇಲೆ ತಾನೇ ನಕ್ಕು, "ನಮ್ಮಲ್ಲಿ ಮನೆಗೊಬ್ಳು ಮಾರಮ್ಮ ಕಣವ್ವ" ಎಂದಳು. ಅಷ್ಟಕ್ಕೇ ನಿಂತಿತು.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಆಸ್ಪತ್ರೆಗೆ ಹೊಸ ಕಟ್ಟಡವಾಯಿತು. ತಾರಸಿ ಮನೆ, ದೊಡ್ಡ ಕಿಟಕಿ, ಫ್ಯಾನು, ನಲ್ಲಿ ತಿರುಗಿಸಿದರೆ ನೀರು. ಮಕ್ಕಳನ್ನು ಅಲ್ಲಿಗೆ ಸಾಗಿಸಿದರು. ಹಳೆಯದನ್ನು ಕೆಡವಲು ಬಂದ ಕೆಲಸಗಾರರು ಎರಡನೆಯ ದಿನವೇ ಗುದ್ದಲಿ ಕೆಳಗಿಟ್ಟರು. ಹೆಂಚು ಇಳಿಸಿ ಬಿಸಿಲಿಗೆ ಬಿಟ್ಟ ಗೋಡೆಯೊಂದು ಮಧ್ಯಾಹ್ನವಾದರೆ ತೊಟ್ಟಿಕ್ಕುವಷ್ಟು ಒದ್ದೆಯಾಗುತ್ತಿತ್ತು, ಯಾರೋ ಬಟ್ಟೆ ಅದ್ದಿ ಒತ್ತಿದಂತೆ ಅಲ್ಲಲ್ಲಿ.

ಹನುಮಂತಮ್ಮ ಊಟ ಬಿಟ್ಟು ಎದ್ದು ಹೋದಳು. ಕೆಲಸಗಾರರು ದೂರ ನಿಂತು ನೋಡುತ್ತಿದ್ದರು. ಅವಳು ಗೋಡೆಗೆ ಅಂಗೈ ಇಟ್ಟಳು.

"ಅಕ್ಕಾ, ಮಕ್ಕಳು ಇಲ್ಲಿಲ್ಲ. ಎಲ್ಲರ್ನೂ ಆ ಕಡೆ ಕರ್ಕೊಂಡ್ಹೋಗಿದೀವಿ. ಚೆನ್ನಾಗವ್ರೆ. ಬರಂಗಿದ್ರೆ ನನ್ ಹಿಂದೇ ಬಾ. ಸಾಕಾಗಿದ್ರೆ ಕೂತ್ಕೊ. ಭಾಳ ದಿನ ನಿಂತಿದ್ದೀಯ."

ಆಮೇಲೆ ತಿರುಗಿ ನೋಡದೆ ಹೊಸ ವಾರ್ಡಿನ ತನಕ ನಡೆದಳು. ಬಾಗಿಲನ್ನು ಹಿಡಿದು, ಒಬ್ಬರು ದಾಟುವಷ್ಟು ಹೊತ್ತು ತೆರೆದೇ ನಿಂತಳು. ಮಾರನೆಯ ದಿನ ಆ ಗೋಡೆ ಒಣಗಿತ್ತು. ಕೆಡವಿದರು.

ಹೊಸ ವಾರ್ಡಿನಲ್ಲಿ ಬೇವಿನ ಹೊಗೆ ಒಮ್ಮೆಯೂ ಬರಲಿಲ್ಲ. ಹಣೆಯ ಬಟ್ಟೆಗಳು ಇಟ್ಟಲ್ಲಿಯೇ ಇದ್ದು ಒಣಗುತ್ತಿದ್ದವು. ಆ ಅಕ್ಕ ದಣಿದು ಕೂತಳೋ, ದಾರಿ ತಪ್ಪಿದಳೋ ಹನುಮಂತಮ್ಮನಿಗೆ ತಿಳಿಯಲಿಲ್ಲ. ಎಷ್ಟೋ ದಿನ ಮಧ್ಯಾಹ್ನದ ಹೊತ್ತು ಮಾತು ನಿಲ್ಲಿಸಿ ಕಿವಿಗೊಡುತ್ತಿದ್ದಳು. ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಅಷ್ಟು ವರ್ಷ ಹೆದರಿಸಿದ್ದ ಆ ಹೊತ್ತು ಈಗ ಬರೀ ಬರಿದಾಗಿ ಅವಳನ್ನು ಇನ್ನೊಂದು ರೀತಿಯಲ್ಲಿ ಹೆದರಿಸುತ್ತಿತ್ತು.

ಅಜ್ಜಂಪುರದಿಂದ ಒಂದು ಮಗುವನ್ನು ತಂದರು, ಮೈ ಕೆಂಡ. ಹನುಮಂತಮ್ಮ ಬೋಗುಣಿಯಲ್ಲಿ ನೀರು ತುಂಬಿ, ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೂತಳು. ಬಲಬದಿ ಒರೆಸಿ ಮುಗಿಸಿ ಸ್ವಲ್ಪ ಹೊತ್ತು ಕಾದಳು. ಆಮೇಲೆ ಬೋಗುಣಿ ಎತ್ತಿಕೊಂಡು ಮಂಚ ಸುತ್ತಿ ಬಂದು, ಆಚೆ ಬದಿಯ ಪುಟ್ಟ ಕೈಯನ್ನು ಮಣಿಕಟ್ಟು ಹಿಡಿದು ಎತ್ತಿ, ಮೆಲ್ಲಗೆ ಒತ್ತಿ ಒತ್ತಿ ಒರೆಸತೊಡಗಿದಳು.